ಕೇಳುವ ಮೊದಲೇ

ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಅರ್ಧ ಆಯುಷ್ಯ ನಿಂತು ಕಳೆದವಳಿಗೆ ಒಂದು ಜಂಬ ಅಂಟಿಕೊಂಡಿತ್ತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರಿಗೆ ಏನು ಬೇಕೆಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತಂತೆ. ಅವರು ಬಾಯಿ ಬಿಡುವ ಮೊದಲೇ ಅದೇ ಬಣ್ಣದ ಬಟ್ಟೆ ತೆಗೆದು ಮುಂದೆ ಹರವುತ್ತಿದ್ದಳು. ಬೇರೆಯವರು ಕಪಾಟು ಖಾಲಿ ಮಾಡಿದರೂ ಮೂಗು ಮುರಿಯುತ್ತಿದ್ದ ಗಿರಾಕಿಗಳು ಇವಳ ಮುಂದೆ ತೆಪ್ಪಗೆ ತಲೆಯಾಡಿಸುತ್ತಿದ್ದರು. “ಮುಖ ನೋಡಿದ್ರೆ ಸಾಕು ನಂಗೆ” ಎಂಬ ಅವಳ ಮಾತು ಕೇಳಿ ಕೇಳಿ ಗಂಡನ ಕಿವಿ ತೂತಾಗಿತ್ತು. “ಊರವರ ಮುಖವೆಲ್ಲ ಓದ್ತೀಯ, ನಾನು ಹಸಿದು ಕೂತಿರೋದು ಮಾತ್ರ ಕಾಣಲ್ಲ” ಎಂದು ಅವನು ರೇಗಿಸುತ್ತಿದ್ದ.

ಒಂದು ದಿನ ಅಂಗಡಿ ಮುಚ್ಚಿತು. ಮನೆಯಲ್ಲಿ ಕೂತು ನೊಣ ಹೊಡೆಯುವ ಜಾಯಮಾನ ಅವಳದಲ್ಲ. ವಿಕಲಚೇತನ ಮಕ್ಕಳಿರುವ ಮನೆಗಳಿಗೆ ವಾರಕ್ಕೊಂದು ಮಧ್ಯಾಹ್ನ ಒಬ್ಬರನ್ನು ಕಳಿಸುವ ಸಂಸ್ಥೆಯೊಂದು ಪಕ್ಕದ ಬೀದಿಯಲ್ಲಿತ್ತು. ಅಲ್ಲಿ ಹೋಗಿ ಕೆಲಸ ಕಲಿತಳು. ಹೇಳುವುದಕ್ಕೆ ಸುಲಭದ ಕೆಲಸ. ಮಗುವಿನ ಜೊತೆ ಇವಳಿರಬೇಕು, ಅಷ್ಟು ಹೊತ್ತು ತಾಯಿ ಮನೆ ಬಿಟ್ಟು ಹೊರಗೆ ಹೋಗಬೇಕು. ಹೋಗಿ ಪಾರ್ಕಿನ ಬೆಂಚಿನ ಮೇಲೆ ತೂಕಡಿಸಿದರೂ ಯಾರೂ ಕೇಳುವುದಿಲ್ಲ, ಹೋಗಬೇಕು ಅಷ್ಟೇ.

ಅವಳ ಪಾಲಿಗೆ ಬಂದದ್ದು ಮೂರನೇ ಮಹಡಿಯ ಒಂದು ಮನೆ, ಗುರುವಾರ. ಅಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ. ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಕಿವಿ, ಬುದ್ಧಿ ಮಾತ್ರ ಚುರುಕು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು, ಪ್ರಾಯಕ್ಕೆ ಬಂದ ಮೇಲೂ ಪುಟ್ಟಿಯೇ. ಮೊದಮೊದಲು ತಾಯಿ ಚಪ್ಪಲಿ ಮೆಟ್ಟಿ ಹೊರಟವಳು ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕಸ ಎಸೆಯಲು ಹೋದ ಇವಳೇ ಅವಳನ್ನು ಹಿಡಿದು ಹಾಕಿದ್ದು. “ಇಲ್ಲಿ ಕಾವಲು ಕೂರೋದಾದ್ರೆ ನಾನ್ಯಾಕೆ ಬರ್ಲಿ? ಹೋಗು, ನಿನ್ನ ತಂಗಿ ಮನೆಗಾದ್ರೂ ಹೋಗಿ ಜಗಳ ಆಡಿ ಬಾ,” ಎಂದು ಗದರಿ ಓಡಿಸಿದಳು. ವರ್ಷಗಳು ಕಳೆದ ಮೇಲೆ ತಾಯಿಗೆ ಗುರುವಾರವೆಂದರೆ ಜೀವ. ಹುಡುಗಿಯ ಬಾಯಲ್ಲಿ ಮಾತಿದ್ದಿದ್ದರೆ ಇವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳೆಂದು ತಾಯಿಯೇ ತೀರ್ಮಾನ ಮಾಡಿದ್ದರಿಂದ ಇವಳು ಆ ಮನೆಯ ಚಿಕ್ಕಮ್ಮನಾದಳು.

ಕೌಂಟರಿನ ಹಳೆಯ ವಿದ್ಯೆ ಇಲ್ಲಿ ಚೆನ್ನಾಗಿ ಕೈಹಿಡಿಯಿತು. ಹುಡುಗಿಯ ಹುಬ್ಬು ಅಲುಗಿದರೆ ನೀರು, ಉಸಿರು ಬದಲಾದರೆ ದಿಂಬು, ಕತ್ತು ವಾಲಿದರೆ ಕಿಟಕಿ. ಮೊದಲು ಯಾರಿಗೆ ಗೊತ್ತಾಗುತ್ತದೆ ಎಂದು ತಾಯಿಗೂ ಚಿಕ್ಕಮ್ಮನಿಗೂ ಒಳಗೊಳಗೇ ಪೈಪೋಟಿಯೂ ಇತ್ತು. ಶಾಲೆಯಲ್ಲಿ ಹುಡುಗಿಗೆ ಕಣ್ಣಿನ ಮಾತು ಕಲಿಸಿದ್ದರು. ಕಣ್ಣು ಮೇಲೆತ್ತಿದರೆ ಹೌದು, ಬಿಗಿಯಾಗಿ ಮುಚ್ಚಿದರೆ ಬೇಡ. ಮನೆಯಲ್ಲಿ ಅದನ್ನು ಆಡುವ ಸಂದರ್ಭವೇ ಬರಲಿಲ್ಲ. ಕೇಳುವ ಮೊದಲೇ ಎಲ್ಲ ಬಾಯಿಗೆ ಬರುವಾಗ ಯಾರು ತಾನೇ ಕಣ್ಣು ನೋಯಿಸಿಕೊಳ್ಳುತ್ತಾರೆ.

ಶಾಲೆ ಮುಗಿಯುವ ವರ್ಷ ಸಂಸ್ಥೆಯವರು ಬಂದು, ಮಕ್ಕಳಿಗೆಂದು ಇರುವ ಗುರುವಾರದ ನೆರವು ಶಾಲೆ ಮುಗಿದೊಡನೆ ನಿಲ್ಲುತ್ತದೆ ಎಂದರು. ಮುಂದೆ ಉಳಿದಿದ್ದು ದೊಡ್ಡವರಾದ ಇಂಥವರನ್ನು ಹಗಲೆಲ್ಲ ನೋಡಿಕೊಳ್ಳುವ ಯುವಕೇಂದ್ರ ಒಂದೇ. ಎತ್ತಿ ಇಳಿಸಿ ತಾಯಿಯ ಬೆನ್ನು ಅಷ್ಟರಲ್ಲಿ ಕೈಕೊಟ್ಟಿತ್ತು, ಬಗ್ಗಿದರೆ ಗೋಡೆ ಹಿಡಿದೇ ಏಳಬೇಕು. ಅಲ್ಲಿ ಜಾಗ ಸಿಗದಿದ್ದರೆ ಆ ಮನೆ ನಡೆಯುವ ಹಾಗೇ ಇರಲಿಲ್ಲ.

ಇಬ್ಬರೂ ಹುಡುಗಿಯನ್ನು ಕರೆದುಕೊಂಡು ಹೋದರು. ಕೇಂದ್ರದ ಮೇಡಂ ಸಣ್ಣ ದನಿಯವರು. “ನಿಂಗೆ ಹಾಡು ಇಷ್ಟಾನಾ?” ಎಂದು ಹುಡುಗಿಯನ್ನು ಕೇಳಿದರು.

“ಹಳೇ ಹಾಡು ಅಂದ್ರೆ ಪ್ರಾಣ,” ಎಂದಳು ತಾಯಿ.

“ಜೋರಾಗಿ ಹಾಕ್ಬಾರ್ದು ಅಷ್ಟೇ,” ಎಂದಳು ಚಿಕ್ಕಮ್ಮ.

ಮೇಡಂ ನಕ್ಕು, ಇಬ್ಬರೂ ಸ್ವಲ್ಪ ಸುಮ್ಮನಿರಬೇಕೆಂದು ಕೇಳಿಕೊಂಡು, ಬೇರೆ ಬೇರೆ ಪ್ರಶ್ನೆ ಹಾಕಿದರು. ಹುಡುಗಿ ಪ್ರತಿ ಸಲವೂ ಚಿಕ್ಕಮ್ಮನ ಕಡೆ ನೋಡಿ ಹಾಯಾಗಿ ಕೂತಳು, ಹೇಳುವವರು ಅಲ್ಲೇ ಇದ್ದಾರಲ್ಲ ಎಂಬಂತೆ. ಕಣ್ಣು ಎತ್ತಲೂ ಇಲ್ಲ, ಮುಚ್ಚಲೂ ಇಲ್ಲ.

“ಆಗಲ್ಲ ಅಂತ ಹೇಳ್ತಿಲ್ಲ ನಾನು,” ಎಂದರು ಮೇಡಂ ಕೊನೆಗೆ. “ಇಲ್ಲಿ ನೋಡ್ಕೊಳ್ಳೋರು ಬದಲಾಗ್ತಾ ಇರ್ತಾರೆ. ಹೊಸಬರೊಬ್ರು ಬಾಯಿ ಸುಡೋ ತುತ್ತು ಕೊಟ್ರೆ ಇವಳು ಬೇಡ ಅನ್ನಬೇಕಲ್ವಾ? ಅಷ್ಟು ಬಂದ್ರೆ ಸಾಕು. ಮುಂದಿನ ತಿಂಗಳು ಇನ್ನೊಮ್ಮೆ ಬನ್ನಿ.”

ತನ್ನ ಜಾಣತನವೇ ಹುಡುಗಿಯ ಬಾಯಿಗೆ ಬೀಗ ಹಾಕಿದೆ ಎಂಬುದು ದಾರಿಯಲ್ಲೇ ಚಿಕ್ಕಮ್ಮನಿಗೆ ಅರ್ಥವಾಗಿತ್ತು. ಮುಂದಿನ ಗುರುವಾರ ಅವಳು ದಡ್ಡಿಯಾಗಿ ಮನೆಯೊಳಗೆ ಬಂದಳು. ಹುಬ್ಬು ಅಲುಗಿತು, ಕಾಣದವಳಂತೆ ಕೂತಳು. ಆಮೇಲೆ ಲೋಟ ಎತ್ತಿ ತೋರಿಸಿ, “ನೀರು ಬೇಕಾ?” ಎಂದು ಕೇಳಿ ಕಾದಳು. ಹುಡುಗಿಗೆ ಮೊದಲು ಆಶ್ಚರ್ಯ, ಆಮೇಲೆ ಸಿಟ್ಟು. ಮುಖ ಕೆಂಪಾಗಿ ಕಣ್ಣೀರು ಕೆನ್ನೆಗಿಳಿಯಿತು. ಆದರೂ ಚಿಕ್ಕಮ್ಮ ಲೋಟ ಮುಂದೆ ಒಯ್ಯಲಿಲ್ಲ. ಅದೇ ಹೊತ್ತಿಗೆ ಹೊರಗಿನಿಂದ ಬಂದ ತಾಯಿ ಕೆಂಡವಾದಳು.

“ಬಾಯಾರಿದ ಮಗು ಮುಂದೆ ನೀರು ಹಿಡ್ಕೊಂಡು ಆಟ ಆಡಿಸ್ತಿದೀರಾ? ನಿಮಗೆ ಗೊತ್ತಾಗಲ್ವಾ ಏನು ಬೇಕು ಅಂತ?”

“ಗೊತ್ತು. ಅದೇ ನಾನು ಮಾಡಿರೋ ತಪ್ಪು,” ಎಂದಳು ಚಿಕ್ಕಮ್ಮ. “ನೀನೂ ಒಂಚೂರು ತಡ್ಕೋ.”

ಆಗ ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಬೇಡ. ಇಬ್ಬರೂ ಮುಖ ಮುಖ ನೋಡಿಕೊಂಡರು. ಚಿಕ್ಕಮ್ಮ ಒಂದೊಂದೇ ಕೇಳುತ್ತಾ ಹೋದಳು. ದಿಂಬಾ? ಬೇಡ. ಬೆಳಕು ಕಮ್ಮಿ ಮಾಡ್ಲಾ? ಬೇಡ. ಕುರ್ಚಿ ತಿರುಗಿಸಲಾ? ಕಣ್ಣು ಮೇಲಕ್ಕೆ ಹೋಯಿತು. ಬಾಗಿಲ ಕಡೆ ತಿರುಗಿಸಿದರೆ ಬೇಡ, ಗೋಡೆ ಕಡೆಯಂತೂ ಬೇಡವೇ ಬೇಡ. ಅಡುಗೆಮನೆ ಎಂದಾಗ ಕಣ್ಣು ಮತ್ತೆ ಮೇಲೆದ್ದಿತು. ಪ್ರತಿ ಗುರುವಾರ ತಾಯಿ ವಾಪಸು ಬಂದ ಮೇಲೆ ಇವರಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಊರ ಮೇಲಿನ ಸುದ್ದಿಯೆಲ್ಲ ಆಡಿ ನಗುತ್ತಿದ್ದರು. ಬೀದಿ ನೋಡುವುದೆಂದರೆ ಪುಟ್ಟಿಗೆ ಇಷ್ಟ ಎಂದು ಅಷ್ಟು ಹೊತ್ತೂ ಅವಳನ್ನು ಕಿಟಕಿಗೆ ಮುಖ ಮಾಡಿ ಕೂರಿಸಿರುತ್ತಿದ್ದರು. ಆ ಹರಟೆಗೆ ಸೇರಬೇಕೆಂಬ ಆಸೆ ಅವಳಿಗೆ ಎಂದಿನಿಂದ ಇತ್ತೋ.

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಇಷ್ಟು ದಿನ ಬೆನ್ನು ಹಾಕಿ ಕೂರಿಸಿಬಿಟ್ವಲ್ಲೇ,” ಎಂದಳು. ತಾಯಿ ಕುರ್ಚಿಯನ್ನು ಅಡುಗೆಮನೆಯೊಳಗೆ ತಳ್ಳಿದಳು. ಅವತ್ತು ತಂಗಿಯ ಮನೆಯ ಜಗಳದ ಕಥೆಯನ್ನು ಹುಡುಗಿ ಎದುರುಬದುರು ಕೂತು ಕೇಳಿದಳು, ಮೈಯೆಲ್ಲ ಕುಲುಕಿ ನಕ್ಕಳು.

ಉಳಿದ ಗುರುವಾರಗಳು ಸಲೀಸಾಗಿ ಹೋದವು ಎಂದರೆ ಸುಳ್ಳು. ಹುಡುಗಿ ಕೆಲವು ಸಲ ಹಟಕ್ಕೆ ಬಿದ್ದು ಕಣ್ಣನ್ನೇ ಅಲುಗಿಸುತ್ತಿರಲಿಲ್ಲ. ಚಿಕ್ಕಮ್ಮನ ಕೈ ತಾನಾಗಿಯೇ ದಿಂಬಿನತ್ತ ಹೋಗಿಬಿಡುತ್ತಿತ್ತು. ಆಗೆಲ್ಲ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು.

ಮತ್ತೆ ಕೇಂದ್ರಕ್ಕೆ ಹೋದ ದಿನ ತಾಯಿ ಒಳಗೆ ಬರಲೇ ಇಲ್ಲ. “ನನ್ನ ಕೈಲಿ ಸುಮ್ನಿರೋಕೆ ಆಗಲ್ಲ, ನಾನೇ ಹೇಳಿಬಿಡ್ತೀನಿ,” ಎಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಮೇಡಂ ಹುಡುಗಿಯ ಎದುರು ಸ್ಟೂಲು ಎಳೆದುಕೊಂಡರು.

“ಈಗ ನಾವಿಬ್ರೂ ಇಲ್ಲೆಲ್ಲ ಓಡಾಡಿ ನೋಡೋಣ. ಚಿಕ್ಕಮ್ಮನೂ ನಿನ್ನ ಜೊತೆ ಬರಬೇಕಾ?”

ಹುಡುಗಿ ಎಂದಿನಂತೆ ಚಿಕ್ಕಮ್ಮನನ್ನು ನೋಡಿದಳು. ಈ ಪ್ರಶ್ನೆಯ ಉತ್ತರ ಚಿಕ್ಕಮ್ಮನಿಗೆ ಗೊತ್ತಿತ್ತು. ಅಂಗಡಿಯಲ್ಲಿ ಯಾವ ಗಿರಾಕಿಯ ವಿಷಯದಲ್ಲೂ ಅಷ್ಟು ಖಾತ್ರಿ ಇರಲಿಲ್ಲ. ಬರಬೇಕು ಎಂದೇ ಹೇಳುತ್ತಾಳೆ, ಹೊಸ ಜಾಗ, ಹೆದರುತ್ತಾಳೆ, ಪಾಪ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ತನ್ನ ಮುಖದಿಂದ ಹುಡುಗಿಗೆ ಏನೂ ತಿಳಿಯಬಾರದೆಂದು ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತಳು.

“ಸರಿ, ಗೊತ್ತಾಯ್ತು,” ಎಂದರು ಮೇಡಂ. ಚಿಕ್ಕಮ್ಮ ತಲೆ ಎತ್ತಿದಳು. ಹುಡುಗಿಯ ಕಣ್ಣು ಮುಚ್ಚಿತ್ತು, ರೆಪ್ಪೆ ನೆರಿಗೆಗಟ್ಟುವಷ್ಟು ಬಿಗಿಯಾಗಿ.

ಅವಳು ಹೊರಗೆ ಬಂದಳು. ಬೆಂಚಿನ ಮೇಲಿದ್ದ ತಾಯಿ ಗೋಡೆ ಹಿಡಿದು ಎದ್ದಳು. “ಏನಾಯ್ತು? ಹೇಳಿದ್ಲಾ?”

“ಹೇಳಿದ್ಲು.”

“ಏನಂತ?”

“ಚಿಕ್ಕಮ್ಮ ಬೇಡ ಅಂದ್ಲು,” ಎಂದಳು. ಆ ಬೇಡ ಅವಳಿಗೆ ಚುಚ್ಚಿತ್ತು, ಆದರೂ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. “ಸ್ಪಷ್ಟವಾಗಿ ಅಂದ್ಲು ಕಣೇ. ಮೊದಲನೇ ಸಲಕ್ಕೇ ಮೇಡಂಗೆ ಅರ್ಥ ಆಯ್ತು.”