ಡ್ರೈಯರಿನಲ್ಲಿ ಸಿಕ್ಕ ಬೀಜ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಆ ಸಿಟ್ಟು ನನ್ನ ಅಕ್ಕನ ಮೇಲೆ ಹೋದ ಒಂದು ಭಾನುವಾರ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆಗ ನಾನು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಗಂಡ ತೀರಿಹೋದ ಮೇಲೆ ಅಕ್ಕ ಗುತ್ತಲದಿಂದ ನಮ್ಮ ಮನೆಗೇ ಬಂದಿದ್ದಳು. ಕೂತು ಉಣ್ಣುವ ಜೀವ ಅಲ್ಲ. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದರೆ ಹೊರಗಿನ ಮೆಟ್ಟಿಲ ಮೇಲೆ ನಿಂತು ಸೀರೆ ಝಾಡಿಸಿಯೇ ಒಳಗೆ ಕಾಲಿಡುವುದು. ಆದರೂ ನಾವೆಲ್ಲ ಸೀನುತ್ತಿದ್ದೆವು, ಅವಳು ನಗುತ್ತಿದ್ದಳು.

ರಾಣೆಬೆನ್ನೂರಿನಿಂದ ತಂದ ವಾಷಿಂಗ್ ಮಷೀನು ನಮ್ಮ ಓಣಿಗೇ ಮೊದಲನೆಯದು. ಎಡಕ್ಕೆ ಒಗೆಯುವ ಡಬ್ಬಿ, ಬಲಕ್ಕೆ ಡ್ರೈಯರ್. ಅಕ್ಕನಿಗೆ ಉಬ್ಬಸ, ಮಳೆಗಾಲದಲ್ಲಿ ಹಸಿ ಬಟ್ಟೆ ಉಟ್ಟರೆ ಎದೆ ಹಿಡಿದುಕೊಳ್ಳುತ್ತಿತ್ತು. ಮಷೀನು ತಂದದ್ದೇ ಅವಳಿಗಾಗಿ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದವನು ನಾನು.

ಆಷಾಢದಲ್ಲಿ ಡ್ರೈಯರ್ ಕೈಕೊಟ್ಟಿತು. ಗುಂಯ್ ಎನ್ನುವುದು, ತಿರುಗದು. ಹಾವೇರಿಯ ಮೆಕ್ಯಾನಿಕ್ ನಾಳೆ ನಾಳೆ ಎನ್ನುತ್ತ ವಾರ ಕಳೆದ. ಭಾನುವಾರ ನಾನೇ ಪ್ಲಗ್ ಕಿತ್ತು ಸ್ಕ್ರೂಡ್ರೈವರ್ ಹಿಡಿದೆ. ಮುಚ್ಚಳದ ಸ್ವಿಚ್ ನೋಡಿದೆ, ಸರಿ ಇತ್ತು. ಬ್ರೇಕಿನ ತಂತಿಯೂ ಸರಿ ಇತ್ತು. ಒಳಗಿನ ಡಬ್ಬಿ ಎತ್ತಿದಾಗ ಗೊತ್ತಾಯಿತು: ತಳದಲ್ಲಿ ನೀರು ನಿಂತು ಡಬ್ಬಿಯನ್ನು ತಿರುಗಗೊಡುತ್ತಿಲ್ಲ. ನೀರು ಹೋಗುವ ತೂತಿಗೆ ಬೆರಳು ಹಾಕಿದರೆ ಮೆಣಸಿನಕಾಯಿ ಬೀಜ, ಸಿಪ್ಪೆಯ ಮುದ್ದೆ ಬಂತು. ಕೈಯೆಲ್ಲ ಉರಿಯತೊಡಗಿತು.

“ಸೀರಿ ಛಲೋತ್ನಂಗ ಝಾಡಿಸಿ ಹಾಕು ಅಂತ ನಿನಗ ಎಷ್ಟ ಸಲ ಹೇಳೇನಿ? ಇನ್ನ ಮ್ಯಾಲೆ ಈ ಮಷೀನ ಮುಟ್ಟಬ್ಯಾಡ,” ಎಂದೆ.

ಅಕ್ಕ ಆ ಬೀಜಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಆತು ತಮ್ಮಾ, ಮುಟ್ಟಂಗಿಲ್ಲ,” ಅಂದಳು. ನನ್ನ ಹೆಂಡತಿ ಏನೋ ಹೇಳಹೋದಳು. ಅಕ್ಕ ಕಣ್ಣಲ್ಲೇ ಬೇಡವೆಂದಳು. ಅದನ್ನು ಕಂಡೂ ನಾನು ಕೇಳಲಿಲ್ಲ.

ಡ್ರೈಯರ್ ತಿರುಗಿತು, ನಾನು ಮೀಸೆ ತಿರುವಿದೆ. ಅಂದಿನಿಂದ ಅಕ್ಕ ಹಿತ್ತಲ ಕಲ್ಲಿನ ಮೇಲೆ ಸೀರೆ ಒಗೆದು, ಹಿಂಡಿ, ನಡುಮನೆಯ ಹಗ್ಗಕ್ಕೆ ಹಾಕತೊಡಗಿದಳು. ಎರಡು ದಿನವಾದರೂ ಒಣಗದ ಸೀರೆಯನ್ನೇ ಉಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ರಾತ್ರಿಯೆಲ್ಲ ಅವಳ ಕೆಮ್ಮು ಕೇಳುತ್ತಿತ್ತು. ಮಷೀನಿಗೆ ಹಾಕು ಎಂದು ಒಂದು ಮಾತು ಹೇಳಬಹುದಿತ್ತು. ಅವಳೇ ಕೇಳಲಿ ಎಂಬ ಹಟ ನನಗೆ.

ಶ್ರಾವಣದಲ್ಲಿ ನಾಲ್ಕು ದಿನ ಗುತ್ತಲಕ್ಕೆ ಹೋಗಿ ಬರುತ್ತೇನೆಂದು ಹೊರಟಳು. ಬಸ್ಸಿನ ಕಿಟಕಿಯಿಂದ ಬಾಗಿ, “ಒಗ್ಯಾಕ ಹಾಕೂ ಮುಂಚೆ ಅಂಗಿ ಕಿಸೆ ಒಂದಿಷ್ಟ ನೋಡ್ಕೊಳಪಾ,” ಅಂದಳು. ಚೀಟಿಗೀಟಿ ಮರೆಯುತ್ತೇನೆಂದು ಹೇಳುತ್ತಿದ್ದಾಳೆ ಅಂದುಕೊಂಡು ತಲೆಯಾಡಿಸಿದೆ. ಆ ಊರಿನಿಂದ ಅವಳು ವಾಪಸ್ಸು ಬರಲಿಲ್ಲ. ಎಂಟನೆಯ ದಿನ ಉಬ್ಬಸ ಹೆಚ್ಚಾಗಿ ತೀರಿಕೊಂಡಳು. ವರ್ಷಗಟ್ಟಲೆ ಕುಡಿದ ಮೆಣಸಿನಕಾಯಿ ಧೂಳು ಎಂದರು ಡಾಕ್ಟರು. ಆ ಮಾತು ನನಗೆ ಸಮಾಧಾನ ಕೊಟ್ಟಿಲ್ಲ.

ದೀಪಾವಳಿಯ ಹೊತ್ತಿಗೆ ಡ್ರೈಯರ್ ಮತ್ತೆ ನಿಂತಿತು. ಬಿಚ್ಚಿದೆ. ಅದೇ ತೂತು, ಅದೇ ಬೀಜ.

ಅಕ್ಕ ಹೋಗಿ ಎರಡು ತಿಂಗಳು ದಾಟಿತ್ತು. ನಮ್ಮ ಕಸುಬಿನಲ್ಲಿ ರಾಶಿಯಿಂದ ನಾಲ್ಕು ಕಾಯಿ ಎತ್ತಿ, ಮುರಿದು ಬಣ್ಣ ಬೀಜ ನೋಡಿ, ಖರೀದಿದಾರರಿಗೆ ತೋರಿಸಲು ಕಿಸೆಗೆ ಹಾಕಿಕೊಳ್ಳುವುದು ರೂಢಿ. ಮೈಮೇಲಿದ್ದ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡೆ. ಎರಡು ಮುರಿದ ಕಾಯಿ ಅಲ್ಲೇ ಇದ್ದವು.

“ದಿನಾ ನಿಮ್ಮ ಕಿಸೆ ಅಕ್ಕಾರ ಝಾಡಸ್ತಿದ್ರು,” ಎಂದಳು ಹೆಂಡತಿ. “ಆಷಾಢದಾಗ ಡ್ರೈಯರ್ ಕೆಟ್ಟ ವಾರ ಅವರು ಜ್ವರ ಬಂದು ಮಲಗಿದ್ರಲ್ಲ, ಒಗ್ಯಾಕ ಅರಬಿ ನಾನ ಹಾಕಿದ್ದೆ, ಕಿಸೆ ನೋಡಿರಲಿಲ್ಲ. ಅವಗ ಹೇಳಬ್ಯಾಡವಾ, ಮನಸಿಗೆ ಹಚ್ಕೋತಾನ ಅಂದ್ರು.”

ಅಕ್ಕ ಹೋಗುವಾಗ ಹಗ್ಗದ ಮೇಲೆ ಬಿಟ್ಟುಹೋದ ಒಂದು ಸೀರೆ ಟ್ರಂಕಿನಲ್ಲಿತ್ತು, ಮುಗ್ಗಲು ವಾಸನೆ ಬಂದಿತ್ತು. ಡ್ರೈಯರ್ ಸ್ವಚ್ಛ ಮಾಡಿದ ಮೇಲೆ ಆ ಸೀರೆಯನ್ನು ಒಗೆದು ಅದರೊಳಗೆ ಹಾಕಿ, ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅತ್ತುಬಿಟ್ಟೆ. ಮಷೀನು ತಾನೇ ನಿಂತಿತು. ಸೀರೆ ಉಡುವಷ್ಟು ಒಣಗಿತ್ತು. ಐದು ನಿಮಿಷ ಹಿಡಿದಿತ್ತು, ಅಷ್ಟೇ.