ಒಂದು ಟನ್ ಸಾಕೆಂದವರು

ಬೆಸುಗೆ ಹಾಕಿ ಹಾಕಿ ಅವರ ಬಲ ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ರಾಣೆಬೆನ್ನೂರಿನ ಆ ಎಸಿ ಮೇಸ್ತ್ರಿ ಒಳಗೇ ಅಡಿಗೆ ಮಾಡಿ ಮಲಗುವಂಥ ಯಾವ ಗಾಡಿ ಬಂದರೂ ಮಟಮಟ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ, ಮಾಲೀಕನನ್ನೂ ಒಳಗೆ ಕೂಡಿಸಿಕೊಂಡು ಬಾಗಿಲು ಹಾಕಿಬಿಡುತ್ತಿದ್ದರು. ಒಳಚಾವಣಿಗೆ ಅಂಗೈ ಒತ್ತಿ ಕೇಳುತ್ತಿದ್ದರು: "ಎಷ್ಟು ಮಂದಿ ಮಲಗ್ತೀರಿ? ಒಲಿ ಎಷ್ಟೊತ್ತು ಹಚ್ತೀರಿ?" ಮಾಲೀಕ ಬೆವರಿ ತೊಪ್ಪೆಯಾಗುವ ಹೊತ್ತಿಗೆ ಎಸಿ ಎಷ್ಟು ಟನ್ನಿನದಿರಬೇಕೆಂದು ಹೇಳುತ್ತಿದ್ದರು.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಮನೆಮಂದಿಯೊಂದಿಗೆ ಊರೂರು ತಿರುಗಲು ವ್ಯಾನೊಂದಕ್ಕೆ ಮಂಚ, ಒಲೆ, ಜನರೇಟರು ಕೂಡಿಸಿ ಅವರಲ್ಲಿಗೆ ಒಯ್ದಿದ್ದೆ. ಒಂದು ಟನ್ ಸಾಕೆಂದರು. ನನಗದು ಸಣ್ಣದೆನಿಸಿತು.

"ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಕಿಟಕಿ ತೆಗಿಯೋ ಹಂಗಿಲ್ರಿ. ಎರಡು ಟನ್ನಿಂದು ಹಾಕ್ರಿ" ಎಂದೆ.

"ಟನ್ ಹೆಚ್ಚಾದ್ರ ಘಾಟು ಹೋಗಂಗಿಲ್ರಿ ಸಾವ್ಕಾರ್ರ. ದೊಡ್ಡದು ಲಗೂನ ತಂಪು ಮಾಡಿ ಬಂದ್ ಆಗ್ತೈತಿ, ಹಸಿ ಗಾಳಿ ಒಳಗ ಉಳೀತೈತಿ. ನಿಮ್ಮ ಜನರೇಟರೂ ತಡಿಯಂಗಿಲ್ಲ. ಮೊದಲ ಚಾವಣಿಗೆ ಥರ್ಮಾಕೋಲ್ ಹೊಡಸ್ರಿ."

ಮೊಂಡುತನ ನನ್ನ ಹುಟ್ಟುಗುಣ. ಹುಬ್ಬಳ್ಳಿಗೆ ಹೋಗಿ ಎರಡು ಟನ್ನಿನದನ್ನೇ ಹಾಕಿಸಿದೆ. ಅವರು ಹೇಳಿದ್ದೆಲ್ಲ ಆಯಿತು. ಜನರೇಟರು ನಡುವೆಯೇ ಕೈಕೊಡುತ್ತಿತ್ತು, ಹಾಸಿಗೆ ಮುಗ್ಗಲು ವಾಸನೆ ಹಿಡಿಯಿತು.

ಕೆಲವು ತಿಂಗಳ ಮೇಲೆ ಹಾವೇರಿ ಬಸ್ ನಿಲ್ದಾಣದಲ್ಲಿ ಸಿಕ್ಕರು.

"ಎರಡು ಟನ್ನಿಂದ ಹಾಕ್ಸಿದ್ರಂತ. ಗಾಡಿ ತಂಪೈತೇನ್ರಿ?"

ಚುಚ್ಚುಮಾತಲ್ಲ ಅದು. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಮರ್ಯಾದೆ ನನಗೆ ದೊಡ್ಡದಾಯಿತು. "ಭಾಳ ಚಲೋ ಐತ್ರಿ. ಏನೂ ತ್ರಾಸಿಲ್ಲ" ಎಂದುಬಿಟ್ಟೆ.

ಅವರು, "ಹಂಗಾದ್ರ ನಾನ ತಪ್ಪೀನಿ ಬಿಡ್ರಿ" ಎಂದರು.

ಬೇರೆಯವರಾಗಿದ್ದರೆ ನನ್ನ ಮಾತನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಇವರು ನಂಬಿದರು. ಮುಂದೆ ಬಂದ ಅಂಥದೇ ಗಾಡಿಗೆ ತಮ್ಮ ಲೆಕ್ಕ ಬಿಟ್ಟು ದೊಡ್ಡ ಎಸಿ ಹಾಕಿದರು. ಅದರ ಪಾಡೂ ನನ್ನದರ ಪಾಡೇ ಆಯಿತು. ಆ ಮಾಲೀಕ ಅಂಗಡಿ ಮುಂದೆ ನಿಂತು ಹತ್ತು ಮಂದಿಯೆದುರು ಬೈದನಂತೆ. ಮೇಸ್ತ್ರಿ ಆಮೇಲೆ ಗಾಡಿಯ ಕೆಲಸವನ್ನೇ ಹಿಡಿಯಲಿಲ್ಲ.

ಸುದ್ದಿ ನನಗೂ ಮುಟ್ಟಿತು. ಹೋಗಿ ನಿಜ ಹೇಳಬೇಕು ಎಂದುಕೊಂಡೆ. ಬ್ಯಾಡಗಿಯಿಂದ ರಾಣೆಬೆನ್ನೂರೇನು ದೂರವೇ? ಆದರೂ ಮೆಣಸಿನಕಾಯಿ ಸುಗ್ಗಿ ಮುಗಿಯಲಿ ಎಂದು ನೆಪ ಹೇಳಿಕೊಂಡೆ. ಸುಗ್ಗಿ ಮುಗಿಯುವ ಮೊದಲೇ ಎದೆನೋವು ಬಂದು ಅವರು ತೀರಿಕೊಂಡರು.

ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಅವರ ಹೆಂಡತಿಗೆ ನನ್ನ ಗುರುತಿರಲಿಲ್ಲ.

"ಕಡೀತನಕ ಒಂದ ಮಾತು ಅಂತಿದ್ರು ನೋಡ್ರಿ" ಎಂದರು ಆಕೆ. "ಇಷ್ಟು ವರ್ಷ ಮಾಡಿದ್ರೂ ಗಾಡಿ ಅಳತಿ ನನಗ ತಿಳೀಲಿಲ್ಲ, ಬ್ಯಾಡಗಿ ಸಾವ್ಕಾರ್ರಿಗೆ ತಿಳೀತು ಅಂತ."

ಆ ಸಾವ್ಕಾರ ನಾನೇ, ತಿಳಿದದ್ದು ಅವರಿಗೇ ಎನ್ನಬೇಕಿತ್ತು. ಸಾವಿನ ಮನೆಯಿಂದ ಬರುತ್ತೇನೆಂದು ಹೇಳದೆ ಎದ್ದು ಬರುವುದು ನಮ್ಮ ಕಡೆಯ ರೂಢಿ. ಆ ರೂಢಿಯ ಮರೆಯಲ್ಲಿ ನಾನು ಏನೂ ಹೇಳದೆ ಎದ್ದು ಬಂದೆ.