ಅಪ್ಪಯ್ಯನ ಮಾತ್ರೆಯೂ ಹದಿನಾಲ್ಕು ಮನೆಯ ಬೆಲ್ಲವೂ

1966ರ ಫೆಬ್ರವರಿ 7, ಸೋಮವಾರ, ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಸಾಗರದ ಡಾಕ್ಟರು ಹೇಳಿದರು. ಅದೇ ಸಂಜೆ ನಾನು ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದೆ. ಅಲ್ಲಿಯವರೆಗೆ ನಾನು ಬರೆದಿಡುತ್ತಿದ್ದದ್ದು ಬಸ್ಸು ಎಷ್ಟು ನಿಮಿಷ ತಡವಾಯಿತು, ಯಾವ ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಅಮ್ಮ ಅಪ್ಪಯ್ಯನ ಹತ್ತಿರ ಎಷ್ಟು ದಿನ ಮಾತು ಬಿಟ್ಟಿದ್ದಳು ಎಂಬಂಥ ವಿಷಯಗಳನ್ನು. ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಯ ಗೀಳು ಎಂದು ಎಲ್ಲರೂ ಸುಮ್ಮನಿದ್ದರು.

ಅಪ್ಪಯ್ಯ ಹೊಸನಗರದ ಕಡೆಯ ನಮ್ಮ ಹಳ್ಳಿಗೆ ಪೋಸ್ಟ್‌ಮ್ಯಾನ್. ಸೋಮವಾರ, ಬುಧವಾರ, ಶುಕ್ರವಾರ ಊರೊಳಗಿನ ಸಣ್ಣ ಸುತ್ತು. ಮಂಗಳವಾರ, ಗುರುವಾರ, ಶನಿವಾರ ಗುಡ್ಡದಾಚೆಯ ದೊಡ್ಡ ಸುತ್ತು: ಹನ್ನೊಂದು ಮೈಲಿ, ಹದಿನಾಲ್ಕು ಮನೆ. ಇಪ್ಪತ್ತೆರಡು ವರ್ಷ ಅದನ್ನು ನಡೆದಿದ್ದ. ಆದರೆ ಡಾಕ್ಟರು, “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದಾಗ ಎದೆ ಸೆಟೆಸಿ ಹೇಳಿದ್ದು, “ಸರ್ಕಾರಿ ನೌಕರಿ ಸಾರ್. ಪೋಸ್ಟಾಫೀಸು.”

“ಕೂತು ಕೂತು ಬಂದಿದ್ದು ಇದು,” ಎಂದರು ಡಾಕ್ಟರು.

“ಹೌದು ಸಾರ್,” ಎಂದ ಅಪ್ಪಯ್ಯ. ಡಾಕ್ಟರು ಹೇಳಿದ್ದಕ್ಕೆ ಅಲ್ಲ ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ಹಾಗಾಗಿ ಕೂತು ಕೆಲಸ ಮಾಡುವವರಿಗೆ ಕೊಡುವ ಲೆಕ್ಕದಲ್ಲಿ ಮಾತ್ರೆ ಬಂತು: ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಒಂದು. ಸಿಹಿ ಮುಟ್ಟುವ ಹಾಗಿಲ್ಲ. ಜೊತೆಗೆ ಒಂದು ಗಾಜಿನ ನಳಿಗೆ, ಸ್ಪಿರಿಟ್ ದೀಪ, ಒಂದು ಸೀಸೆ ನೀಲಿ ನೀರು. ಆ ನೀಲಿ ನೀರಿಗೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ಬಣ್ಣ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತ ಹೋಗಿ ಇಟ್ಟಿಗೆ ಬಣ್ಣಕ್ಕೆ ಬಂದರೆ ಗಂಡಾಂತರ. ಅಮ್ಮ ಆ ಸಾಮಾನನ್ನು ಅಡುಗೆಮನೆಗೆ ಬಿಡಲಿಲ್ಲ. ಬಚ್ಚಲ ಹಿಂದೆ ಒಂದು ಕಲ್ಲಿನ ಮೇಲೆ ನನ್ನ ಪ್ರಯೋಗಶಾಲೆ ನಡೆಯಿತು.

ಮೂರು ವಾರದ ಪಟ್ಟಿ ವಿಚಿತ್ರವಾಗಿತ್ತು. ಸಣ್ಣ ಸುತ್ತಿನ ಸಂಜೆ ನೀಲಿ ಅಥವಾ ಹಸಿರು. ದೊಡ್ಡ ಸುತ್ತಿನ ಸಂಜೆ ಒಂಬತ್ತಕ್ಕೆ ಒಂಬತ್ತೂ ಇಟ್ಟಿಗೆ.

“ದಾರೀಲಿ ಎಂತ ತಿಂತೀಯ ಅಪ್ಪಯ್ಯ?”

“ಒಂದು ಗಂಟೆಗೆ ಬುತ್ತಿ ಊಟ. ಬೇರೆ ಎಂತದೂ ಇಲ್ಲ. ಬೆಲ್ಲ-ನೀರು ಅಷ್ಟೆ.”

ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ಉಂಡೆ ಬೆಲ್ಲ, ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಯಾರೂ ತಿನ್ನುವ ಬಾಬತ್ತಿಗೆ ಸೇರಿಸುವುದಿಲ್ಲ. ಹದಿನಾಲ್ಕು ಮನೆ, ಹದಿನಾಲ್ಕು ಉಂಡೆ.

“ಬೇಡ ಅನ್ನಕ್ಕೆ ಆಗಲ್ವಾ?”

“ಕೊಟ್ಟ ಬೆಲ್ಲ ಬೇಡ ಅಂದ್ರೆ ನಾಳೆ ಆ ಮನೆ ಮೆಟ್ಟಿಲು ಹತ್ತದು ಹೆಂಗೆ ಮಾರಾಯ್ತಿ?”

ಫೆಬ್ರವರಿ 28ರಂದು ನಾನು ಹದಿನಾಲ್ಕು ಕಾರ್ಡು ಬರೆದೆ. “ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ದಯವಿಟ್ಟು ಬೆಲ್ಲ ಕೊಡಬೇಡಿ.” ಬರೆದು ಡಬ್ಬಕ್ಕೆ ಹಾಕಿದ ಮೇಲೆ ಹೊಳೆಯಿತು, ಅವನ್ನು ಹಂಚುವವನು ಅಪ್ಪಯ್ಯನೇ.

ಮಾರನೆಯ ದಿನ ಸಂಜೆ ಅಪ್ಪಯ್ಯ ಚೀಲ ಇಳಿಸಿ ನನ್ನನ್ನೇ ನೋಡಿದ.

“ಹದ್ನಾಕು ಮನೆಗೂ ಕಾರ್ಡು. ಹದ್ನಾಕೂ ಒಂದೇ ಅಕ್ಷರ. ನಂಗೆ ಕಣ್ಣು ಕಾಣಲ್ಲ ಅಂದ್ಕಂಡ್ಯಾ?”

“ನೀ ಓದಿದ್ಯಾ?”

“ಬೇರೆಯವರ ಕಾಗದ ನಾ ಓದದಾ? ಛೀ!” ಎಂದವನು ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಸೇರಿಸಿದ, “ನಾಕು ಮನೇಲಿ ಓದಕ್ಕೆ ಬರಲ್ಲ. ನನ್ನ ಹತ್ರಾನೇ ಓದ್ಸಿದ್ರು. ನಮ್ಮ ತಂದೆಯವರಿಗೆ ಅಂತ ನಾನೇ ಗಟ್ಟಿಯಾಗಿ ಓದ್ಬೇಕಾಯ್ತು.”

ಕಾರ್ಡು ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ಬೆಲ್ಲ ನಿಂತಿತು. ಆದರೆ ಬಂದವನನ್ನು ಬರಿ ಬಾಯಲ್ಲಿ ಕಳಿಸುವವರು ಯಾರು? ಎರಡನೆಯ ಮನೆಯಲ್ಲಿ ಹಾಗಲಕಾಯಿ ರಸ, ಐದನೆಯದರಲ್ಲಿ ಮೆಂತ್ಯದ ನೀರು, ಎಂಟನೆಯದರಲ್ಲಿ ಬೇವಿನ ಚಿಗುರು. ಹತ್ತನೆಯ ಮನೆಯವರು ಇವನ್ನೆಲ್ಲ ಒಟ್ಟಿಗೆ ಅರೆದು ಇಟ್ಟಿದ್ದರು. ನನ್ನ ನಳಿಗೆ ಸತತವಾಗಿ ನೀಲಿಯಾಯಿತು. ನಾನು ಪ್ರತಿ ಸಾಲಿನ ಮುಂದೆ ಹೆಮ್ಮೆಯಿಂದ ಒಂದು ಟಿಕ್ ಹಾಕಿದೆ.

ಅಪ್ಪಯ್ಯನ ತಪ್ಪುಗಳು ಶುರುವಾದದ್ದೂ ಆಗಲೇ. ಮಾರ್ಚ್ 5ರಂದು ಮೇಷ್ಟ್ರ ಕಾಗದವನ್ನು ಕಮ್ಮಾರನಿಗೆ ಕೊಟ್ಟ. ಮಾರ್ಚ್ 10ರಂದು ರಿಜಿಸ್ಟರ್ಡ್ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಕಾಗದ ಕೊಡದೆ ಹಾಗೇ ವಾಪಸು ತಂದ. ಮಾರ್ಚ್ 12ರಂದು ಎಂಟನೆಯ ಮನೆಯ ನಾಯಿಯ ಜೊತೆ ನಿಂತು ಜಗಳವಾಡಿದ. ಆ ಮನೆಯವರು ನಮ್ಮಲ್ಲಿಗೇ ಬಂದು ಹೇಳಿದರು. “ನಾಯಿ ಸುಮ್ನೆ ಮಲಗಿತ್ತು ಕಣೆ. ಇವ್ರೇ ಮೊದ್ಲು ಬೈದಿದ್ದು. ಮೈಯೆಲ್ಲ ಬೆವರು, ಕೈ ಗಡಗಡ.”

“ಕುಡೀತಾನಾ ಅಂತ ಕೇಳ್ತಿದ್ದಾರೆ ಊರವರು,” ಎಂದು ಅಮ್ಮ ಮಾತು ಬಿಟ್ಟಳು. (ನಾಲ್ಕು ದಿನ.)

ನಡುವೆ ಇನ್ನೂ ಮೂರು ಸಣ್ಣ ತಪ್ಪುಗಳಾದವು. ಕೊನೆಯದು ಮಾರ್ಚ್ 26, ಶನಿವಾರ. ಹತ್ತನೆಯ ಮನೆಯ ಅಜ್ಜನಿಗೆ ಮೊಮ್ಮಗಳ ಸಂಬಂಧದ ಕಾಗದ ಬಂದಿತ್ತು. ಓದಲು ಬಾರದ ಅಜ್ಜ ಅಪ್ಪಯ್ಯನ ಕೈಗೇ ಕೊಟ್ಟರು. ಗಂಡಿನ ಕಡೆಯವರು ಒಪ್ಪಿಲ್ಲ ಎಂದು ಬರೆದಿದ್ದನ್ನು ಅಪ್ಪಯ್ಯ ಒಪ್ಪಿದ್ದಾರೆ ಎಂದು ಓದಿ, ಮನೆಯವರೆಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸಿ ಮುಂದೆ ಹೋದ. ಅಜ್ಜ ಮಾರನೆಯ ದಿನವೇ ಎಲೆ-ಅಡಿಕೆ ಹಿಡಿದು ಬೀಗರ ಮನೆಗೆ ಹೋದರು. ಅಲ್ಲಿ ಏನಾಯಿತೋ ನಾನು ನೋಡಿಲ್ಲ. ಅಜ್ಜ ಕೊಟ್ಟ ಫಿರ್ಯಾದು ಮಾತ್ರ ಅಪ್ಪಯ್ಯನ ಮೇಲಧಿಕಾರಿ, ತೀರ್ಥಹಳ್ಳಿಯ ಟಪಾಲು ಓವರ್‌ಸಿಯರ್ ವರೆಗೆ ಹೋಯಿತು. ಅವರ ಉತ್ತರವೂ ಬಂತು: ಇವರ ಆರೋಗ್ಯ ಸರಿಯಿಲ್ಲವೆಂದು ತಿಳಿದಿದೆ, ಒಂದು ತಿಂಗಳ ನಂತರ ತಾನೇ ಬಂದು ಸುತ್ತು ನೋಡುತ್ತೇನೆ, ಆಗದಿದ್ದರೆ ತೀರ್ಥಹಳ್ಳಿಯಲ್ಲಿ ಮುದ್ರೆ ಒತ್ತುವ ಕೆಲಸಕ್ಕೆ ಹಾಕುತ್ತೇನೆ.

ಅಪ್ಪಯ್ಯ ಆ ಕಾಗದವನ್ನು ಮೂರು ಸಲ ಓದಿದ. “ಸ್ಟೂಲಿನ ಮೇಲೆ ಕೂತ್ಕಂಡು ದಿನವಿಡೀ ಠಪ್ ಠಪ್. ಅದಕ್ಕಿಂತ ರಾಜೀನಾಮೆ ಕೊಡ್ತೀನಿ,” ಎಂದ. ಅವನ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ. ಅದನ್ನು ಬರೆದಿಡಲಿಲ್ಲ.

ಬರೆದಿಟ್ಟದ್ದನ್ನು ಮತ್ತೆ ಓದಿದೆ. ತಪ್ಪು ಒಟ್ಟು ಏಳು. ಏಳೂ ದೊಡ್ಡ ಸುತ್ತಿನ ದಿನಗಳವು. ಏಳೂ ಹನ್ನೊಂದೂವರೆಯಿಂದ ಒಂದು ಗಂಟೆಯ ಒಳಗಿನವು. ಸಣ್ಣ ಸುತ್ತಿನಲ್ಲಿ ಸೊನ್ನೆ, ಭಾನುವಾರ ಸೊನ್ನೆ. ಊಟವಾದ ಮೇಲೂ ಸೊನ್ನೆ. ಏಪ್ರಿಲ್ 4, ಸೋಮವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅಪ್ಪಯ್ಯನನ್ನು ಸಾಗರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಪಟ್ಟಿಯ ಮೇಲೆ ಬೆರಳಾಡಿಸಿ ನಿಂತರು. “ದೊಡ್ಡ ಸುತ್ತು ಅಂದ್ರೇನಮ್ಮ?”

“ಹನ್ನೊಂದು ಮೈಲಿ ಸಾರ್. ನಡೀತಾರೆ.”

“ನಡೀತಾರಾ! ಕೂತು ಅಂದಿದ್ರಲ್ಲ ಇವ್ರು?”

“ಕೂತು ಅಂದಿದ್ದು ನೀವು ಸಾರ್. ನಾನು ಹೌದು ಅಂದೆ ಅಷ್ಟೆ,” ಎಂದ ಅಪ್ಪಯ್ಯ.

ಡಾಕ್ಟರು ಹಣೆ ಒತ್ತಿಕೊಂಡು ಬಿಡಿಸಿ ಹೇಳಿದರು. ಮಾತ್ರೆ ರಕ್ತದ ಸಕ್ಕರೆ ಇಳಿಸುತ್ತದೆ. ನಡಿಗೆಯೂ ಇಳಿಸುತ್ತದೆ. ಎರಡೂ ಸೇರಿದ ದಿನ ಮಧ್ಯದಲ್ಲಿ ಏನೂ ತಿನ್ನದಿದ್ದರೆ ಅದು ತೀರಾ ಕೆಳಗೆ ಹೋಗುತ್ತದೆ. ಬೆವರು, ನಡುಕ, ಸಿಟ್ಟು, ಮರುಳು ಎಲ್ಲ ಅದರದ್ದೇ. ಇನ್ನೂ ಇಳಿದಿದ್ದರೆ ದಾರಿಯಲ್ಲೇ ಎಚ್ಚರ ತಪ್ಪಿ ಬೀಳುತ್ತಿದ್ದ. ನಾನು ಟಿಕ್ ಹಾಕಿದ ನೀಲಿಯ ಬಗ್ಗೆ ಕೇಳಿದೆ. ಸಕ್ಕರೆ ಸರಿಯಿದ್ದರೂ ನೀಲಿ, ಪೂರ್ತಿ ಬಿದ್ದುಹೋದರೂ ನೀಲಿ ಎಂದರು. ಅಷ್ಟು ಟಿಕ್ಕುಗಳನ್ನು ಹೊಡೆದು ಹಾಕಲು ನನಗೆ ಒಂದು ಸಂಜೆ ಹಿಡಿಯಿತು.

ಹೊಸ ಕ್ರಮ: ದೊಡ್ಡ ಸುತ್ತಿನ ದಿನ ಅರ್ಧ ಮಾತ್ರೆ, ಹನ್ನೊಂದು ಗಂಟೆಗೆ ಒಂದು ಹಿಡಿ ಅವಲಕ್ಕಿ ಮತ್ತು ಒಂದು ಉಂಡೆ ಬೆಲ್ಲ. ಒಂದೇ ಒಂದು. ಹನ್ನೊಂದಕ್ಕೆ ಅಪ್ಪಯ್ಯ ಐದನೆಯ ಮನೆಯಲ್ಲಿರುತ್ತಾನೆ. ಆ ಮನೆಯ ಅಜ್ಜಿಗೆ ಒಂದು ಉಂಡೆ ಕೊಡಿ ಎಂದೂ, ಉಳಿದ ಹದಿಮೂರು ಮನೆಗೆ ಬೆಲ್ಲವೂ ಬೇಡ, ಕಷಾಯವೂ ಬೇಡ ಎಂದೂ ಮತ್ತೆ ಕಾರ್ಡು ಬರೆದೆ.

ಹದಿಮೂರು ಮನೆಗೂ ಸಿಟ್ಟು ಬಂತು. “ಅವ್ರ ಮನೆ ಬೆಲ್ಲ ಎಂತ ಚಿನ್ನವಾ? ನಮ್ದು ಮಣ್ಣಾ?” ಎಂದು ಮೆಟ್ಟಿಲು ಮೆಟ್ಟಿಲಲ್ಲಿ ಕೇಳಿಸಿಕೊಂಡು ಅಪ್ಪಯ್ಯ ಮನೆಗೆ ಬರುತ್ತಿದ್ದ. ಐದನೆಯ ಮನೆಯ ಅಜ್ಜಿಯಂತೂ ಹತ್ತೂಮುಕ್ಕಾಲಿಗೇ ತಟ್ಟೆ ಹಿಡಿದು ಬೇಲಿಬಾಗಿಲ ದಣಪೆಯ ಹತ್ತಿರ ನಿಲ್ಲುತ್ತಿದ್ದರಂತೆ, ಅಕ್ಕಪಕ್ಕದವರಿಗೆ ಕಾಣಲಿ ಎಂದು. ರಜೆ ಕಳೆದು ಹತ್ತು ದೊಡ್ಡ ಸುತ್ತು ನಡೆದವು. ತಪ್ಪು ಒಂದೂ ಇಲ್ಲ.

ಏಪ್ರಿಲ್ 30, ಶನಿವಾರ, ಓವರ್‌ಸಿಯರ್ ಬಂದರು. ಹೊರಡುವ ಮೊದಲು ಅಪ್ಪಯ್ಯ ನನ್ನನ್ನು ಒಳಗೆ ಕರೆದ.

“ಆ ಪುಸ್ತಕ ಅವ್ರಿಗೆ ತೋರಿಸ್ಬೇಡ. ಏಳು ತಪ್ಪೂ ತಾರೀಖು ಹಾಕಿ ಬರ್ದಿದೀಯ. ಅವ್ರಿಗೆ ಗೊತ್ತಾಗಿದ್ದು ಒಂದೇ.”

“ಸರಿಯಾಗಿದ್ದೂ ಬರ್ದಿದೀನಲ್ಲ ಅಪ್ಪಯ್ಯ.”

“ಸರಿಯಾಗಿದ್ದನ್ನ ಯಾರು ಓದ್ತಾರೆ?”

ಇಬ್ಬರೂ ಹೋಗಿ ಮೂರೂವರೆಗೆ ವಾಪಸು ಬಂದರು. ಓವರ್‌ಸಿಯರ್ ಹೊಸಬರಾದ್ದರಿಂದ ಹದಿನಾಲ್ಕು ಮನೆಯ ಬೆಲ್ಲವೂ ಅವರ ಪಾಲಿಗೆ ಬಿದ್ದಿತ್ತು. ಜಗಲಿಯಲ್ಲಿ ಕೂತು ಬೂಟು ಬಿಚ್ಚುತ್ತ, “ಹಾದಿಯುದ್ದಕ್ಕೂ ನಿನ್ನ ಕಾರ್ಡಿನ ಸುದ್ದಿಯೇ. ಎಂತದೋ ಪಟ್ಟಿ ಇದೆಯಂತಲ್ಲ, ತಾ,” ಎಂದರು. ನಾನು ಅಪ್ಪಯ್ಯನ ಮುಖ ನೋಡಿದೆ. ಅವನು ತೋಟದ ಕಡೆ ನೋಡಿದ. ತಂದುಕೊಟ್ಟೆ.

ಅವರು ಒಂದೊಂದೇ ಪುಟ ತಿರುವಿದರು. ನಾಯಿಯ ಜಗಳದ ಹತ್ತಿರ ಕನ್ನಡಕ ತೆಗೆದು ಒರೆಸಿಕೊಂಡರು. ಏಪ್ರಿಲ್‌ನ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ಪೆನ್ನು ತೆಗೆದು, “ಹಾಗಾದ್ರೆ ಮಾರ್ಚಿನಲ್ಲಿ ಏಳು, ಮಾತ್ರೆ ಬದಲಾಯಿಸಿದ ಮೇಲೆ ಇಲ್ಲ. ಹೀಗೆ ಬರೀತೀನಿ,” ಎಂದರು.

“ಎಂಟು ಸಾರ್,” ಎಂದ ಅಪ್ಪಯ್ಯ.

ಅಮ್ಮ ಒಳಗೆ ಲೋಟ ಕುಕ್ಕಿದ ಸದ್ದಾಯಿತು.

“ಒಂದು ಇವ್ಳಿಗೆ ಗೊತ್ತಿಲ್ಲ. ಚೀಲ ಹಳ್ಳದ ಹತ್ರ ಮರಕ್ಕೆ ನೇತಾಕಿ, ಬರಿ ಕೊಡೆ ಹಿಡ್ಕಂಡು ಮುಂದಿನ ಮನೆಗೆ ಹೋಗಿದ್ದೆ. ಕಾಗದ ಎಲ್ಲಿ ಅಂದ್ರು, ಕೊಡೆ ಕೊಟ್ಟೆ. ಆಮೇಲೆ ಓಡಿ ಬಂದು ನೋಡಿದ್ರೆ ಎತ್ತು ಚೀಲದ ಪಟ್ಟಿ ಮೆಲ್ತಿತ್ತು. ಕಾಗದ ಎಲ್ಲ ಸರಿ ಇತ್ತು ಸಾರ್.”

ಓವರ್‌ಸಿಯರ್ ಪಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. “ಯಾವ ವಾರ?”

“ಶನಿವಾರ ಸಾರ್. ಮಾರ್ಚಿನಲ್ಲೇ.”

“ಎಷ್ಟು ಹೊತ್ತಿಗೆ?”

“ಹನ್ನೆರಡು ಗಂಟೆ ಸುಮಾರಿಗೆ.”

“ಸರಿ ಹೊಂದ್ತು,” ಎಂದು ಅವರು ಎಂಟು ಎಂದು ಬರೆದು, ಸುತ್ತು ಇವರ ಹೆಸರಿನಲ್ಲೇ ಮುಂದುವರಿಯಲಿ ಎಂದು ಕೆಳಗೆ ಸಹಿ ಹಾಕಿದರು. ಎದ್ದು ಬೂಟಿಗೆ ಕಾಲು ತೂರಿಸಲು ನೋಡಿದರು. ಹನ್ನೊಂದು ಮೈಲಿಗೆ ಪಾದ ಊದಿ ಒಳಗೆ ಹೋಗಲಿಲ್ಲ. ಅಪ್ಪಯ್ಯ ಬೂಟುಗಳನ್ನು ತನ್ನ ಟಪಾಲು ಚೀಲದಲ್ಲಿ ಹಾಕಿಕೊಂಡು, ಬರಿಗಾಲಿನ ಓವರ್‌ಸಿಯರನ್ನು ಬಸ್ಸಿಗೆ ಬಿಡಲು ಮುಂದೆ ಮುಂದೆ ನಡೆದ.